ಮೊಣಕಾಲಿನ ರಕ್ಷಣೆ: ಒಂದು ಆರ್ಥಿಕ ವಿವೇಚನೆ

ಪೀಠಿಕೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಕಟ್ಟುವ ಕಾರ್ಯದ ದೀರ್ಘತೆಯನ್ನೂ ಕೆಡಹುವ ಕಾರ್ಯದ ಶೀಘ್ರತೆಯನ್ನೂ ಒಟ್ಟಿಗೆ ತಿಳಿಸುತ್ತದೆ. ಆಟದ ಬಯಲಿನಲ್ಲಿ ಈ ಮಾತಿಗೆ ಮೊಣಕಾಲಿನಷ್ಟು ತಕ್ಕ ನಿದರ್ಶನ ಬೇರೊಂದು ದೊರೆಯದು. ಹದಿನಾಲ್ಕು ಹದಿನೈದು ವರ್ಷಗಳ ಆರೈಕೆಯಿಂದ ಬಲಿತ ಕಾಲು, ಓಡುತ್ತಿದ್ದ ಬಾಲಕನೋ ಬಾಲಕಿಯೋ ಥಟ್ಟನೆ ನಿಂತು ತಿರುಗಿದ ಒಂದು ಕ್ಷಣದಲ್ಲಿ, ಒಳಗಿನ ಕಟ್ಟು ಹರಿದು ಬಲಗುಂದುವುದುಂಟು. ಅದನ್ನು ಮತ್ತೆ ಸರಿಪಡಿಸಲು ತಿಂಗಳುಗಟ್ಟಲೆ ಕಾಲವೂ, ಎಷ್ಟೋ ಮನೆಗಳಲ್ಲಿ ಸಾಲವಾಗಿ ತಂದ ಹಣವೂ ವ್ಯಯವಾಗುತ್ತವೆ.

ಕ್ರೀಡೆಯಿಂದ ಆಗುವ ಲಾಭಗಳನ್ನು ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಹೇಳುವುದು ವಾಡಿಕೆ. ಕ್ರೀಡೆಯಲ್ಲಿ ಒದಗುವ ಗಾಯಗಳ ಖರ್ಚನ್ನು ವಿಚಾರಿಸುವವರು ವಿರಳ. ಅರ್ಥಶಾಸ್ತ್ರವೆಂದರೆ ಬ್ಯಾಂಕು, ಕಾರ್ಖಾನೆ, ಮುಂಗಡಪತ್ರಗಳಿಗೆ ಮಾತ್ರ ಸಂಬಂಧಿಸಿದ ಶಾಸ್ತ್ರವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಮಿತವಾದ ಸಾಧನಗಳನ್ನು ಯಾವ ಉದ್ದೇಶಕ್ಕೆ ಎಷ್ಟು ವಿನಿಯೋಗಿಸಬೇಕೆಂದು ತೂಗಿ ನೋಡುವುದೇ ಆ ಶಾಸ್ತ್ರದ ತಿರುಳು. ಆ ತಕ್ಕಡಿಯಲ್ಲಿ ಮೊಣಕಾಲನ್ನಿಟ್ಟಾಗ ಮೂರು ಪ್ರಶ್ನೆಗಳು ಏಳುತ್ತವೆ. ಗಾಯವಾದರೆ ತಗಲುವ ವೆಚ್ಚವೆಷ್ಟು? ಗಾಯವನ್ನು ತಡೆಯಲು ತಗಲುವ ವೆಚ್ಚವೆಷ್ಟು? ಈ ಎರಡು ವೆಚ್ಚಗಳನ್ನು ತೆರುವವರು ಯಾರು? ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದರಲ್ಲಿ ಈ ವಿಷಯದ ತೊಡಕೂ ಅಡಗಿದೆ, ಪರಿಹಾರವೂ ಅಡಗಿದೆ.

ಇಲ್ಲಿ ವಿವೇಚನೆಗೆ ಒಳಪಟ್ಟವನು ಹವ್ಯಾಸಿ ಆಟಗಾರ. ವೃತ್ತಿಪರ ಆಟಗಾರನ ಬೆನ್ನಿಗೆ ಸಾಮಾನ್ಯವಾಗಿ ವೈದ್ಯರಿರುತ್ತಾರೆ, ಸಂಬಳ ಕೊಡುವ ಸಂಘವಿರುತ್ತದೆ. ಹವ್ಯಾಸಿಯಾದರೋ ಭಾನುವಾರ ಆಡಿ ಸೋಮವಾರ ಶಾಲೆಗೋ ಹೊಲಕ್ಕೋ ಕಚೇರಿಗೋ ಹೋಗಬೇಕಾದವನು. ಅವನ ಕಾಲು ಮುರಿದರೆ ಮನೆಯ ಲೆಕ್ಕವೇ ಏರುಪೇರಾಗುತ್ತದೆ.

ಮೊಣಕಾಲಿನ ರಚನೆ

ಸಂಸ್ಕೃತದಲ್ಲಿ ಜಾನು ಎಂದೂ ಕನ್ನಡದಲ್ಲಿ ಮೊಣಕಾಲು, ಮೊಳಕಾಲು, ಮಂಡಿ ಎಂದೂ ಕರೆಯಲ್ಪಡುವ ಈ ಅಂಗವು ನುಡಿಯಲ್ಲಿಯೂ ಗೌರವದ ಸ್ಥಾನವನ್ನು ಪಡೆದಿದೆ. ನೀಳವಾದ ತೋಳುಳ್ಳ ವೀರನು ಆಜಾನುಬಾಹು. ಸೋತು ಶರಣಾದವನು ಮಂಡಿಯೂರಿದವನು. ಮಂಡಿ ನೆಲಕ್ಕೆ ತಾಗುವುದೇ ಸೋಲಿನ ಗುರುತೆಂದು ಜನರು ಬಗೆದುದರಲ್ಲಿ ಔಚಿತ್ಯವಿದೆ. ನಿಂತ ದೇಹದ ಭಾರವೆಲ್ಲ ಈ ಕೀಲಿನ ಮೂಲಕವೇ ಭೂಮಿಗೆ ಇಳಿಯುತ್ತದೆ.

ಮೇಲೆ ತೊಡೆಯ ಎಲುಬು, ಕೆಳಗೆ ಕಣಕಾಲಿನ ಎಲುಬು, ಮುಂದೆ ಮಂಡಿಚಿಪ್ಪು. ಇವುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳುಂಟು. ಇವನ್ನು ವೈದ್ಯರು ಮೆನಿಸ್ಕಸ್ ಎನ್ನುತ್ತಾರೆ. ಎಲುಬಿಗೆ ಎಲುಬನ್ನು ಬಿಗಿಯುವ ಹುರಿಯಂಥ ಕಟ್ಟುಗಳಿಗೆ ಅಸ್ಥಿಬಂಧಕಗಳೆಂದು ಹೆಸರು. ಕೀಲಿನ ಒಳಗೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಅಡ್ಡಹಾಯ್ದ ಎರಡು ಬಂಧಕಗಳಿವೆ. ಇವುಗಳಲ್ಲಿ ಮುಂದಿನದು ಕೆಳಗಿನ ಎಲುಬು ಮುಂದಕ್ಕೆ ಜಾರದಂತೆಯೂ ಮಿತಿಮೀರಿ ತಿರುಚಿಕೊಳ್ಳದಂತೆಯೂ ಹಿಡಿದು ನಿಲ್ಲಿಸುತ್ತದೆ. ವೈದ್ಯರು ಇದನ್ನು ಎ.ಸಿ.ಎಲ್. ಎಂಬ ಮೂರು ಅಕ್ಷರಗಳಿಂದ ನಿರ್ದೇಶಿಸುತ್ತಾರೆ.

ಈ ಬಂಧಕವು ಎದುರಾಳಿಯ ಹೊಡೆತದಿಂದಲೇ ಹರಿಯುತ್ತದೆಂದು ಹಲವರು ತಿಳಿದಿರುವರು. ವಾಸ್ತವವಾಗಿ ಬಹುಪಾಲು ಪ್ರಸಂಗಗಳಲ್ಲಿ ಯಾರೂ ಮಂಡಿಗೆ ಪೆಟ್ಟು ಕೊಟ್ಟಿರುವುದಿಲ್ಲ. ವೇಗವಾಗಿ ಓಡುತ್ತಿದ್ದವನು ಹಠಾತ್ತನೆ ನಿಲ್ಲುವಾಗ, ದಿಕ್ಕು ಬದಲಿಸುವಾಗ, ನೆಗೆದು ಒಂಟಿ ಕಾಲಿನ ಮೇಲೆ ಇಳಿಯುವಾಗ ಮಂಡಿ ಒಳಮುಖವಾಗಿ ವಾಲಿ ಕಟ್ಟು ಹರಿಯುತ್ತದೆ. ಅಂದರೆ ಕಾರಣವು ಹೆಚ್ಚಾಗಿ ಆಟಗಾರನ ಚಲನೆಯ ರೀತಿಯಲ್ಲಿಯೇ ಇದೆ. ರೀತಿಯನ್ನು ಶಿಕ್ಷಣದಿಂದ ತಿದ್ದಬಹುದು. ಮುಂದಿನ ಲೆಕ್ಕವೆಲ್ಲ ಈ ಒಂದು ಸತ್ಯದ ಮೇಲೆ ನಿಂತಿದೆ. ಒಂದೇ ಆಟವನ್ನು ಆಡುವ ಹುಡುಗಿಯರಿಗೆ ಹುಡುಗರಿಗಿಂತ ಈ ಅಪಾಯ ಎರಡು ಮೂರು ಪಟ್ಟು ಹೆಚ್ಚೆಂಬುದನ್ನೂ ಇಲ್ಲಿಯೇ ಗಮನಿಸಬೇಕು.

ಗಾಯದ ಬೆಲೆ

ಪೂರ್ತಿ ಹರಿದ ಬಂಧಕವು ಚರ್ಮದ ಗಾಯದಂತೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಕೆಲವರು ಶಿಸ್ತಿನ ವ್ಯಾಯಾಮದಿಂದಲೇ ನಿತ್ಯಜೀವನಕ್ಕೆ ಮರಳುತ್ತಾರೆ. ಮತ್ತೆ ಆಟಕ್ಕಿಳಿಯಬಯಸುವ ಹಲವರಿಗೆ, ದೇಹದ ಬೇರೆಡೆಯ ಸ್ನಾಯುರಜ್ಜುವನ್ನು ತೆಗೆದು ಮಂಡಿಯಲ್ಲಿ ಕೂಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅನಂತರವೂ ಸುಮಾರು ಒಂಬತ್ತು ತಿಂಗಳು ಆಟಕ್ಕೆ ಮರಳುವಂತಿಲ್ಲ.

ಈ ವೆಚ್ಚವನ್ನು ರಾಷ್ಟ್ರಮಟ್ಟದಲ್ಲಿ ಎಣಿಸಲು ನ್ಯೂಜಿಲೆಂಡ್ ದೇಶದ ದಾಖಲೆಗಳು ಬಹಳ ಸಹಕಾರಿ. ಆ ದೇಶದಲ್ಲಿ ಯಾವ ಪ್ರಜೆಗೆ ಎಲ್ಲಿ ಅಪಘಾತವಾದರೂ ಒಂದೇ ಸಾರ್ವಜನಿಕ ನಿಧಿಯು ಚಿಕಿತ್ಸೆಗೆ ಹಣ ಒದಗಿಸುವುದರಿಂದ ಲೆಕ್ಕವೆಲ್ಲ ಒಂದೆಡೆ ದೊರೆಯುತ್ತದೆ. ೨೦೦೦ದ ಜುಲೈಯಿಂದ ೨೦೦೫ರ ಜೂನ್‌ವರೆಗಿನ ಐದು ವರ್ಷಗಳಲ್ಲಿ ಅಲ್ಲಿ ಮೊಣಕಾಲಿನ ಬಂಧಕಗಳ ಗಾಯಕ್ಕಾಗಿ ೨,೩೮,೪೮೮ ಬೇಡಿಕೆಗಳು ಬಂದುವು. ಅವುಗಳಲ್ಲಿ ಎ.ಸಿ.ಎಲ್. ಶಸ್ತ್ರಚಿಕಿತ್ಸೆಗೆ ಒಳಗಾದುವು ೭,೩೭೫. ಶಸ್ತ್ರಚಿಕಿತ್ಸೆ ಬೇಡವಾದ ಗಾಯವೊಂದಕ್ಕೆ ಚಿಕಿತ್ಸೆಯ ಸರಾಸರಿ ವೆಚ್ಚ ೮೮೫ ನ್ಯೂಜಿಲೆಂಡ್ ಡಾಲರು, ಎ.ಸಿ.ಎಲ್. ಶಸ್ತ್ರಚಿಕಿತ್ಸೆಯಾದರೆ ೧೧,೧೫೭ ಡಾಲರು. ಒಂದು ದೊಡ್ಡ ಗಾಯವು ಹನ್ನೆರಡಕ್ಕೂ ಹೆಚ್ಚು ಸಣ್ಣ ಗಾಯಗಳ ಹಣವನ್ನು ನುಂಗುತ್ತದೆಂದಾಯಿತು. ಆ ೭,೩೭೫ ಶಸ್ತ್ರಚಿಕಿತ್ಸೆಗಳಿಗೇ ಒಟ್ಟು ೮ ಕೋಟಿ ೨೨ ಲಕ್ಷ ಡಾಲರುಗಳಿಗೂ ಮೀರಿದ ಹಣ ಸಂದಿತು. ಈ ಶಸ್ತ್ರಚಿಕಿತ್ಸೆಗಳಲ್ಲಿ ನೂರಕ್ಕೆ ೬೫ರಷ್ಟು ಆಟಪಾಟಗಳಲ್ಲಿ ಆದ ಗಾಯಗಳಿಂದ ಬಂದುವು.

ಚಿಕಿತ್ಸೆಯ ಹಣವು ನೇರವಾದ ವೆಚ್ಚ ಮಾತ್ರ. ಇದಲ್ಲದೆ ಪರೋಕ್ಷವಾದ ವೆಚ್ಚವಿದೆ: ತಪ್ಪಿದ ಕೂಲಿ, ತಪ್ಪಿದ ಪಾಠ, ರೋಗಿಯ ಜೊತೆಗೆ ಆಸ್ಪತ್ರೆಯಲ್ಲಿ ಕುಳಿತ ತಾಯಿಯ ದಿನಗಳು. ಮೂರನೆಯದು ತಡವಾಗಿ ಬರುವ ವೆಚ್ಚ. ಈ ಬಂಧಕವನ್ನೋ ಮೆತ್ತೆಯನ್ನೋ ಹರಿದುಕೊಂಡವರಲ್ಲಿ ಸರಾಸರಿ ಅರ್ಧದಷ್ಟು ಮಂದಿಗೆ ಹತ್ತರಿಂದ ಇಪ್ಪತ್ತು ವರ್ಷಗಳೊಳಗೆ ಮಂಡಿಯ ಸಂಧಿವಾತ ತಲೆದೋರುತ್ತದೆಂದು ವೈದ್ಯಶಾಸ್ತ್ರಜ್ಞರು ಗಣಿಸಿದ್ದಾರೆ. ಹದಿನೈದರಲ್ಲಿ ಗಾಯಗೊಂಡ ಬಾಲಕಿಯು ಮೂವತ್ತೈದರ ಹೊತ್ತಿಗೆ, ಎಂದರೆ ಸಂಸಾರದ ನೊಗ ಹೊತ್ತ ಕಾಲದಲ್ಲಿ, ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗಬಹುದು. ಈ ಬಾಕಿಯನ್ನು ಯಾವ ಆಸ್ಪತ್ರೆಯ ರಸೀದಿಯೂ ತೋರಿಸುವುದಿಲ್ಲ.

ತಡೆಯುವ ಮಾರ್ಗ

ಇನ್ನು ತಡೆಯುವ ಉಪಾಯ. ಸ್ವೀಡನ್ ದೇಶದಲ್ಲಿ ೨೦೦೯ರ ಕಾಲ್ಚೆಂಡಿನ ಋತುವಿನಲ್ಲಿ ೨೩೦ ಸಂಘಗಳ, ೧೨ರಿಂದ ೧೭ ವರ್ಷ ವಯಸ್ಸಿನ ೪,೫೬೪ ಬಾಲಕಿಯರನ್ನು ಒಳಗೊಂಡ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅದರ ಫಲಿತಾಂಶ ೨೦೧೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಘಗಳನ್ನು ಚೀಟಿ ಎತ್ತಿದಂತೆ ಎರಡು ಪಾಲಾಗಿ ವಿಂಗಡಿಸಲಾಯಿತು. ಒಂದು ಪಾಲಿನವರು ವಾರಕ್ಕೆ ಎರಡು ಬಾರಿ, ಹದಿನೈದು ನಿಮಿಷ, ಮೊಣಕಾಲಿನ ಹಿಡಿತಕ್ಕಾಗಿ ರೂಪಿಸಿದ ವ್ಯಾಯಾಮ ಮಾಡಿದರು; ಇನ್ನೊಂದು ಪಾಲಿನವರು ಎಂದಿನಂತೆ ಅಭ್ಯಾಸ ನಡೆಸಿದರು.

ಆ ವ್ಯಾಯಾಮದಲ್ಲಿ ಆರು ಅಂಗಗಳು: ಒಂಟಿ ಕಾಲಿನ ಬಸ್ಕಿ, ಅಂಗಾತ ಮಲಗಿ ಸೊಂಟವನ್ನು ಮೇಲೆತ್ತುವುದು, ಎರಡು ಕಾಲಿನ ಬಸ್ಕಿ, ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ನಿಲ್ಲಿಸುವುದು, ಒಂದು ಹೆಜ್ಜೆ ಮುಂದಿಟ್ಟು ಮಂಡಿ ಬಾಗಿಸಿ ತಗ್ಗುವುದು, ನೆಗೆದು ಮೃದುವಾಗಿ ಇಳಿಯುವುದು. ಅಭ್ಯಾಸ ಬಲಿತಂತೆ ಪ್ರತಿಯೊಂದನ್ನೂ ಹಂತ ಹಂತವಾಗಿ ಕಠಿಣಗೊಳಿಸಲಾಗುತ್ತದೆ. ಎಲ್ಲದರಲ್ಲಿಯೂ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಮಂಡಿಯು ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೆ ನಿಲ್ಲಬೇಕು. ಗರಡಿಮನೆಯಲ್ಲಿ ಬಸ್ಕಿ ಹೊಡೆದು ಬೆಳೆದ ನಾಡಿಗೆ ಇದರಲ್ಲಿ ಅಪರಿಚಿತವಾದುದು ಕಡಿಮೆ. ಯಂತ್ರವಾಗಲಿ ಬೆಲೆಬಾಳುವ ಉಪಕರಣವಾಗಲಿ ಬೇಕಿಲ್ಲ.

ವ್ಯಾಯಾಮ ಮಾಡಿದ ೨,೪೭೯ ಬಾಲಕಿಯರಲ್ಲಿ ೭ ಮಂದಿಗೂ, ಮಾಡದ ೨,೦೮೫ ಬಾಲಕಿಯರಲ್ಲಿ ೧೪ ಮಂದಿಗೂ ಎ.ಸಿ.ಎಲ್. ಗಾಯವಾಯಿತು. ಆಡಿದ ಕಾಲ ಮುಂತಾದುವನ್ನು ಗಣನೆಗೆ ತಂದಾಗ ಅಪಾಯವು ನೂರಕ್ಕೆ ೬೪ರಷ್ಟು ತಗ್ಗಿತೆಂದು ಸಂಶೋಧಕರು ನಿರ್ಣಯಿಸಿದರು.

ಲಾಭನಷ್ಟದ ಲೆಕ್ಕ

ಈ ಅಂಕಿಗಳನ್ನು ವಿದ್ಯಾರ್ಥಿಗಳು ತಾವೇ ಭಾಗಿಸಿ ನೋಡಬೇಕು. ವ್ಯಾಯಾಮ ಮಾಡದವರಲ್ಲಿ ಸಾವಿರಕ್ಕೆ ಸುಮಾರು ೬.೭, ಮಾಡಿದವರಲ್ಲಿ ಸಾವಿರಕ್ಕೆ ಸುಮಾರು ೨.೮ ಗಾಯಗಳು. ಅಂತರ ೩.೯. ಆದುದರಿಂದ ಒಂದು ಋತುವಿನಲ್ಲಿ ಒಂದು ಮೊಣಕಾಲನ್ನು ಉಳಿಸಬೇಕಾದರೆ ಸುಮಾರು ೨೫೬ ಬಾಲಕಿಯರು ವ್ಯಾಯಾಮ ಮಾಡಬೇಕು. ಹದಿನೆಂಟು ಮಂದಿಯ ತಂಡವೆಂದಿಟ್ಟುಕೊಂಡರೆ ಇದು ಹದಿನಾಲ್ಕು ತಂಡಗಳ ಸಂಖ್ಯೆ. ಒಂದೇ ತಂಡವನ್ನು ನೋಡಿಕೊಳ್ಳುವ ಶಿಕ್ಷಕನಾದರೆ, ಸರಾಸರಿ ಹದಿನಾಲ್ಕು ವರ್ಷ ಬೆವರು ಸುರಿಸಿದ ಮೇಲೆ ಒಂದು ಮೊಣಕಾಲನ್ನು ಉಳಿಸಿದಂತಾಯಿತು.

ನೂರಕ್ಕೆ ೬೪ ಎಂಬ ಸಂಖ್ಯೆ ದೊಡ್ಡದು. ಹದಿನಾಲ್ಕು ವರ್ಷಕ್ಕೆ ಒಂದು ಎಂಬುದು ಚಿಕ್ಕದು. ಎರಡೂ ಒಂದೇ ಸತ್ಯದ ಎರಡು ಮುಖಗಳು. ಇದರಲ್ಲಿ ಇನ್ನೂ ಒಂದು ವೈಚಿತ್ರ್ಯವಿದೆ. ಗಾಯವಾದ ಮೊಣಕಾಲು ಯಾವುದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗಾಯವಾಗದೆ ಉಳಿದ ಮೊಣಕಾಲು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಉಳಿಸಿದವನಿಗೆ ಕೀರ್ತಿಯಿಲ್ಲ, ಉಳಿದವನಿಗೆ ಕೃತಜ್ಞತೆಯ ಕಾರಣ ತಿಳಿಯದು. ‘ಇದರಿಂದ ಬಂದುದೇನು?’ ಎಂದು ಶಿಕ್ಷಕನು ಎರಡನೆಯ ವರ್ಷದಲ್ಲಿಯೇ ಕೈಬಿಡುವುದಕ್ಕೆ ಆಲಸ್ಯವೊಂದೇ ಕಾರಣವಲ್ಲ. ಅವನ ಕಣ್ಣಿಗೆ ಬೀಳುವ ಲೆಕ್ಕವೇ ಅಂಥದು.

ಹಾಗಾದರೆ ಈ ಶ್ರಮವು ಲಾಭದಾಯಕವೇ? ಸ್ವೀಡನ್ನಿನ ಅಪಾಯದ ಪ್ರಮಾಣವನ್ನೂ ನ್ಯೂಜಿಲೆಂಡಿನ ಶಸ್ತ್ರಚಿಕಿತ್ಸೆಯ ಬೆಲೆಯನ್ನೂ ಒಂದೆಡೆ ಇಟ್ಟು ಸ್ಥೂಲವಾಗಿ ಗಣಿಸಬಹುದು. ೧೧,೧೫೭ ಡಾಲರುಗಳನ್ನು ೨೫೬ ಮಂದಿಗೆ ಹಂಚಿದರೆ ತಲೆಗೆ ಸುಮಾರು ೪೩ ಡಾಲರು ಬರುತ್ತದೆ. ಗಾಯಗೊಂಡವರೆಲ್ಲರೂ ಶಸ್ತ್ರಚಿಕಿತ್ಸೆಗೆ ಒಳಗಾಗರೆಂಬುದು ನಿಜ. ಆದರೆ ತಪ್ಪಿದ ಕೂಲಿಯೂ ಮುಂದಿನ ಸಂಧಿವಾತವೂ ಇದರಲ್ಲಿ ಸೇರಿಲ್ಲವೆಂಬುದೂ ಅಷ್ಟೇ ನಿಜ. ತಲೆಯೊಂದಕ್ಕೆ ಒಂದು ಋತುವಿನಲ್ಲಿ ಅಷ್ಟು ಹಣ ಬೇಡುವ ಅಂಶ ಈ ವ್ಯಾಯಾಮದಲ್ಲಿ ಏನೂ ಇಲ್ಲ. ಬೇಕಾದುದು ಶಿಕ್ಷಕನಿಗೆ ಒಮ್ಮೆ ಕೊಡುವ ತರಬೇತಿ ಮತ್ತು ಕಾಲ. ಏಳು ತಿಂಗಳಲ್ಲಿ ಒಬ್ಬೊಬ್ಬರಿಗೆ ತಗಲುವ ಕಾಲ ಒಟ್ಟು ಹದಿನೈದು ಗಂಟೆಗಳೊಳಗೆ. ಆಟಕ್ಕೆ ಮುಂಚೆ ಮೈ ಕಾಯಿಸಿಕೊಳ್ಳಲು ಹೇಗೂ ವಿನಿಯೋಗವಾಗುವ ಕಾಲದಲ್ಲಿಯೇ ಇದನ್ನು ಮಾಡಬಹುದಾದುದರಿಂದ ನಿಜವಾದ ಹೊಸ ವೆಚ್ಚ ಇನ್ನೂ ಕಡಿಮೆ.

ಹಾಲೆಂಡಿನ ಅನುಭವ ಇನ್ನೂ ಬೋಧಪ್ರದ. ಅಲ್ಲಿ ೧೮ರಿಂದ ೪೦ ವರ್ಷ ವಯಸ್ಸಿನ ಹವ್ಯಾಸಿ ಕಾಲ್ಚೆಂಡಾಟಗಾರರಲ್ಲಿ ಇಂತಹುದೇ ವ್ಯಾಯಾಮವನ್ನು ಪರೀಕ್ಷಿಸಿದಾಗ ಗಾಯಗಳ ಒಟ್ಟು ಸಂಖ್ಯೆ ಇಳಿಯಲಿಲ್ಲ. ಪ್ರಯೋಗ ವಿಫಲವಾಯಿತೆಂದು ಅಲ್ಲಿಗೇ ಕೈಬಿಡಬಹುದಾಗಿತ್ತು. ಆದರೆ ಖರ್ಚಿನ ಲೆಕ್ಕ ತೆಗೆದಾಗ, ವ್ಯಾಯಾಮ ಮಾಡಿದ ತಂಡಗಳಲ್ಲಿ ತಲೆಯೊಂದಕ್ಕೆ ಸರಾಸರಿ ೨೦೧ ಯೂರೋ ಕಡಿಮೆ ವೆಚ್ಚವಾಗಿರುವುದು ಕಂಡುಬಂತು. ದೀರ್ಘ ಚಿಕಿತ್ಸೆಯನ್ನೂ ಕೆಲಸದ ನಷ್ಟವನ್ನೂ ತರುವ ಮೊಣಕಾಲಿನ ಗಾಯಗಳು ಕಡಿಮೆಯಾದುದೇ ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಊಹಿಸಿದರು. ಗಾಯಗಳನ್ನು ಬರಿದೆ ಎಣಿಸಿದರೆ ಸಾಲದು, ತೂಗಬೇಕು ಎಂಬ ಪಾಠ ಇದರಲ್ಲಿದೆ. ಕೆನಡಾದ ಕಾಲ್‌ಗರಿ ನಗರದಲ್ಲಿ ಹದಿಹರೆಯದ ಆಟಗಾರರ ನಡುವೆ ನಡೆದ ಪ್ರಯೋಗದಲ್ಲಿ ಗಾಯಗಳು ನೂರಕ್ಕೆ ೩೮ರಷ್ಟೂ ಚಿಕಿತ್ಸೆಯ ವೆಚ್ಚ ನೂರಕ್ಕೆ ೪೩ರಷ್ಟೂ ತಗ್ಗಿದುವು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಎಲ್ಲರಿಗೂ ಕಲಿಸುವ ಬದಲು, ಅಪಾಯ ಹೆಚ್ಚಿರುವವರನ್ನು ಪರೀಕ್ಷಿಸಿ ಆರಿಸಿ ಅವರಿಗೆ ಮಾತ್ರ ಕಲಿಸಿದರೆ ಮಿತವ್ಯಯವಾಗದೇ? ೨೦೧೪ರಲ್ಲಿ ಅಮೆರಿಕದ ವೈದ್ಯರು ಈ ಪ್ರಶ್ನೆಯನ್ನು ಗಣಿತದ ಮಾದರಿಯಿಂದ ಪರಿಶೀಲಿಸಿದರು. ಎಲ್ಲರಿಗೂ ಕಲಿಸುವುದೇ ಹೆಚ್ಚು ಫಲಕಾರಿ, ಅದೇ ಅಗ್ಗ ಎಂಬ ಉತ್ತರ ಬಂತು. ಪರೀಕ್ಷೆಗೆ ಹಣ ಬೇಕು, ಪರೀಕ್ಷೆಯ ಕಣ್ತಪ್ಪಿಸುವವರೂ ಇರುತ್ತಾರೆ. ವ್ಯಾಯಾಮವಾದರೋ ಪರೀಕ್ಷೆಗಿಂತ ಅಗ್ಗ. ಎಲ್ಲರಿಗೂ ಕಲಿಸಿದರೆ ಆಟಗಾರನೊಬ್ಬನಿಗೆ ಋತುವೊಂದಕ್ಕೆ ಸರಾಸರಿ ೧೦೦ ಡಾಲರು ಉಳಿಯುತ್ತದೆಂದು ಆ ಲೆಕ್ಕ ಹೇಳಿತು. ಆದರೆ ಅದು ನೂರಕ್ಕೆ ೩ ಮಂದಿಗೆ ಗಾಯವಾಗುವುದೆಂಬ ಎಣಿಕೆಯಿಂದ ಹೊರಟಿತ್ತು. ಸ್ವೀಡನ್ನಿನಲ್ಲಿ ಕಂಡುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದುದರಿಂದ ಆ ನೂರು ಡಾಲರನ್ನು ಪ್ರತಿ ಶಾಲೆಗೂ ಅನ್ವಯಿಸುವುದು ಸಲ್ಲದು. ಸಾಮಾನ್ಯ ಶಾಲೆಯಲ್ಲಿ ಉಳಿತಾಯ ಅದಕ್ಕಿಂತ ಬಹಳ ಕಡಿಮೆಯಿರಬಹುದು.

ತೆರುವವರು ಯಾರು?

ಇಷ್ಟು ಅಗ್ಗವಾದ ಉಪಾಯವು ಏಕೆ ಎಲ್ಲೆಡೆ ರೂಢಿಗೆ ಬಂದಿಲ್ಲ? ಉತ್ತರವು ಮೂರನೆಯ ಪ್ರಶ್ನೆಯಲ್ಲಿದೆ. ಶ್ರಮಪಡುವವನು ಒಬ್ಬ, ಲಾಭ ಪಡೆಯುವವನು ಇನ್ನೊಬ್ಬ. ಹದಿನೈದು ನಿಮಿಷ ಬಿಟ್ಟುಕೊಡುವುದು ಶಿಕ್ಷಕ. ಉಳಿತಾಯ ಸೇರುವುದು ವಿಮಾ ಸಂಸ್ಥೆಗೋ ಸರಕಾರಕ್ಕೋ ಬಾಲಕಿಯ ತಂದೆಗೋ. ಇಂದು ಬಿತ್ತಿದುದರ ಫಲ ಇಪ್ಪತ್ತು ವರ್ಷಗಳ ಅನಂತರ ಬೇರೊಂದು ಊರಿನಲ್ಲಿ ದೊರೆಯುತ್ತದೆ. ಬಿತ್ತುವ ಕೈಗೂ ಕೊಯ್ಯುವ ಕೈಗೂ ಸಂಬಂಧವಿಲ್ಲದ ಹೊಲವು ಬೀಳುಬೀಳುವುದು ಆಶ್ಚರ್ಯವಲ್ಲ.

ಎರಡು ಕೈಗಳೂ ಒಂದೇ ಆದಲ್ಲಿ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡೇ ಸಾಕ್ಷಿ. ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ಅವರ ಆಯೋಗವು ೧೯೬೭ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ ಅಲ್ಲಿ ೧೯೭೨ರಲ್ಲಿ ಶಾಸನವಾಗಿ, ೧೯೭೪ರ ಏಪ್ರಿಲ್ ೧ರಿಂದ ಅಪಘಾತ ಪರಿಹಾರ ಯೋಜನೆ ಜಾರಿಗೆ ಬಂತು. ತಪ್ಪು ಯಾರದೆಂದು ಕೇಳದೆ ಎಲ್ಲ ಅಪಘಾತಗಳಿಗೂ ಪರಿಹಾರ. ಪ್ರತಿಯಾಗಿ ನ್ಯಾಯಾಲಯದಲ್ಲಿ ನಷ್ಟ ಕೇಳುವ ಹಕ್ಕನ್ನು ಪ್ರಜೆಗಳು ಬಿಟ್ಟುಕೊಟ್ಟರು. ಮಾಲೀಕರು, ದುಡಿಯುವವರು, ವಾಹನವುಳ್ಳವರು ತೆರುವ ವಂತಿಗೆಯಿಂದಲೂ ಸರಕಾರದ ಹಣದಿಂದಲೂ ನಿಧಿ ತುಂಬುತ್ತದೆ. ಗಾಯಗೊಂಡು ದುಡಿಮೆ ತಪ್ಪಿದವನಿಗೆ ಅವನ ಗಳಿಕೆಯ ನೂರಕ್ಕೆ ೮೦ರಷ್ಟನ್ನು ಕೊಡುವ ಹೊಣೆಯೂ ಅದರದೇ. ಆಟದಲ್ಲಿ ಆದ ಗಾಯಗಳೂ ಇದರೊಳಗೆ ಸೇರಿವೆ.

ಹರಿದ ಪ್ರತಿಯೊಂದು ಮೊಣಕಾಲಿನ ಬೆಲೆಯನ್ನು ತಾನೇ ತೆರಬೇಕಾದ ನಿಧಿಗೆ, ಉಳಿದ ಪ್ರತಿಯೊಂದು ಮೊಣಕಾಲಿನ ಲಾಭವೂ ತನಗೇ ಸೇರುತ್ತದೆಂಬ ಅರಿವು ಮೂಡಿತು. ಹದಿನಾಲ್ಕು ವರ್ಷಕ್ಕೊಂದು ಎಂಬುದು ಒಬ್ಬ ಶಿಕ್ಷಕನ ಲೆಕ್ಕ; ಇಡೀ ದೇಶವನ್ನು ಕಾಣುವ ನಿಧಿಗೆ ಅದು ವರ್ಷವರ್ಷವೂ ಕಾಣಿಸುವ ಮೊತ್ತ. ಆದುದರಿಂದಲೇ ಅದು ಕ್ರೀಡಾ ಸಂಘಗಳೊಡನೆ ಕೂಡಿ ಗಾಯ ತಡೆಯುವ ಶಿಕ್ಷಣಕ್ಕೆ ಹಣ ತೊಡಗಿಸಿತು. ೨೦೦೧ರಲ್ಲಿ ಆರಂಭವಾದ ‘ರಗ್ಬಿಸ್ಮಾರ್ಟ್’ ಯೋಜನೆಯಲ್ಲಿ ರಗ್ಬಿ ಆಟದ ತರಬೇತುದಾರರಿಗೂ ತೀರ್ಪುಗಾರರಿಗೂ ಪ್ರತಿವರ್ಷ ಶಿಕ್ಷಣ ಕಡ್ಡಾಯವಾಯಿತು.

ಸ್ವಿಟ್ಜರ್ಲೆಂಡಿನಲ್ಲಿಯೂ ಇದೇ ನ್ಯಾಯ. ಅಲ್ಲಿ ನೌಕರರ ಅಪಘಾತ ವಿಮೆಯು ಭಾನುವಾರದ ಆಟದಲ್ಲಿ ಆದ ಗಾಯಕ್ಕೂ ಅನ್ವಯಿಸುತ್ತದೆ. ‘ಸುವಾ’ ಎಂಬ ಅಲ್ಲಿಯ ಅಪಘಾತ ವಿಮಾ ಸಂಸ್ಥೆಯು ಕಾಲ್ಚೆಂಡು ಸಂಘದೊಡನೆ ಸೇರಿ ದೇಶವ್ಯಾಪಿಯಾಗಿ ತರಬೇತುದಾರರಿಗೆ ವ್ಯಾಯಾಮ ಕಲಿಸಿತು. ೨೦೦೮ರಲ್ಲಿ ವಿಚಾರಿಸಿದಾಗ, ಅದನ್ನು ಅನುಸರಿಸಿದ ಹವ್ಯಾಸಿ ತಂಡಗಳಲ್ಲಿ ಪಂದ್ಯದ ಗಾಯಗಳು ನೂರಕ್ಕೆ ೧೧.೫ರಷ್ಟೂ ಅಭ್ಯಾಸಕಾಲದ ಗಾಯಗಳು ನೂರಕ್ಕೆ ೨೫.೩ರಷ್ಟೂ ಕಡಿಮೆಯಿದ್ದುವು. ತಾವಾಗಿ ಅನುಸರಿಸಿದ ತಂಡಗಳು ಮೊದಲೇ ಹೆಚ್ಚು ಜಾಗರೂಕವಾಗಿದ್ದಿರಬಹುದೆಂಬ ಸಂಶಯ ಉಳಿದರೂ, ಹಣ ತೆರುವವನೇ ಮುಂದಾಳಾದರೆ ಕೆಲಸ ಸಾಗುತ್ತದೆಂಬುದು ಇದರಿಂದ ಸ್ಪಷ್ಟ.

ನಮ್ಮ ಶಾಲೆಗಳಿಗೆ ಅನ್ವಯ

ಕನ್ನಡ ನಾಡಿನ ಶಾಲೆಗಳಲ್ಲಿ ಕಬಡ್ಡಿ, ಖೋಖೋ ಆಟಗಳು ಮನೆಮಾತಾಗಿವೆ. ಕಂಬವನ್ನು ಬಳಸಿ ಥಟ್ಟನೆ ತಿರುಗುವ ಖೋಖೋ ಆಟಗಾರ್ತಿ, ತೊಡೆಯನ್ನು ಹಿಡಿದವರಿಂದ ತಿರುಚಿ ಬಿಡಿಸಿಕೊಳ್ಳುವ ಕಬಡ್ಡಿಯ ಆಟಗಾರ ಇಬ್ಬರೂ ಮಂಡಿಯನ್ನು ತಿರುಚುವ ಚಲನೆಗಳನ್ನೇ ಮಾಡುತ್ತಾರೆ. ಆದರೆ ನ್ಯೂಜಿಲೆಂಡಿನಂತಹ ಒಂದೇ ನಿಧಿ ಇಲ್ಲಿಲ್ಲ. ಭಾರತದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆರುವ ಪಾಲು ೨೦೧೩–೧೪ರಲ್ಲಿ ನೂರಕ್ಕೆ ೬೪.೨ರಷ್ಟಿದ್ದು ೨೦೨೧–೨೨ರಲ್ಲಿ ೩೯.೪ಕ್ಕೆ ಇಳಿಯಿತು. ಇಳಿದರೂ ಅದು ಐದರಲ್ಲಿ ಎರಡು ಪಾಲಿನಷ್ಟು. ಇಲ್ಲಿ ಬೆಲೆ ತೆರುವ ಚೀಲವು ಬಹುಮಟ್ಟಿಗೆ ಮನೆಯ ಚೀಲವೇ.

ಹಣವಲ್ಲದ ಇನ್ನೊಂದು ನಷ್ಟವೂ ಉಂಟು. ಮಗನ ಕಾಲು ಉಳುಕಿದರೆ ‘ಗುಣವಾದ ಮೇಲೆ ಆಡು’ ಎನ್ನುವ ಮನೆ, ಮಗಳ ಕಾಲಿಗೆ ಪೆಟ್ಟಾದರೆ ‘ಇನ್ನು ಆಟ ಸಾಕು’ ಎನ್ನುವುದುಂಟು. ಆ ಒಬ್ಬಳ ಗಾಯವು ಅವಳ ತಂಗಿಯರನ್ನೂ ನೆರೆಮನೆಯ ಹುಡುಗಿಯರನ್ನೂ ಬಯಲಿನಿಂದ ಹಿಂದಕ್ಕೆ ಕರೆದೊಯ್ಯುತ್ತದೆ. ಅಪಾಯ ಹೆಚ್ಚಿರುವುದು ಹುಡುಗಿಯರಿಗೇ ಆದುದರಿಂದ, ಮೊಣಕಾಲಿನ ರಕ್ಷಣೆಯು ಅವರ ಆಟದ ಹಕ್ಕಿನ ರಕ್ಷಣೆಯೂ ಹೌದು. ಗಾಯದ ಭಯದಿಂದ ಆಟವನ್ನೇ ಬಿಡುವುದು ಪರಿಹಾರವಲ್ಲ. ಆಡದ ದೇಹಕ್ಕೆ ಬರುವ ರೋಗಗಳ ಬೆಲೆ ಇನ್ನೂ ದೊಡ್ಡದು.

ಇಂತಹ ಸನ್ನಿವೇಶದಲ್ಲಿ ಶಾಲೆಯೇ ಸೇತುವೆಯಾಗಬಲ್ಲುದು. ಒಂದು ಶಾಲೆಯಲ್ಲಿ ಆಡುವ ಮಕ್ಕಳು ಇನ್ನೂರೈವತ್ತು ಇದ್ದರೆ, ಸ್ವೀಡನ್ನಿನ ಪ್ರಮಾಣವನ್ನು ಹಿಡಿದು ನೋಡಿದಲ್ಲಿ, ಅದು ಹೆಚ್ಚುಕಡಿಮೆ ವರ್ಷಕ್ಕೊಂದು ಮೊಣಕಾಲಿನ ಮಾತು. ನಮ್ಮ ಆಟಗಳಲ್ಲಿ ಪ್ರಮಾಣ ಬೇರೆಯಾಗಬಹುದು, ದಿಕ್ಕು ಬೇರೆಯಾಗದು. ಒಬ್ಬ ಶಿಕ್ಷಕನಿಗೆ ಕಾಣದುದು ಶಾಲೆಗೆ ಕಾಣುತ್ತದೆ. ಒಂದು ಶಾಲೆಗೆ ಮಸುಕಾಗಿ ಕಂಡುದು ಒಂದು ತಾಲ್ಲೂಕಿಗೆ ನಿಚ್ಚಳವಾಗಿ ಕಾಣುತ್ತದೆ. ಆದುದರಿಂದ ಗಾಯಗಳನ್ನು ದಿನಾಂಕ, ಆಟ, ಅಂಗ, ತಪ್ಪಿದ ದಿನಗಳು ಎಂಬ ನಾಲ್ಕು ಕಲಮುಗಳಲ್ಲಿ ಬರೆದಿಡುವ ಒಂದು ಪುಸ್ತಕ ವ್ಯಾಯಾಮ ಶಿಕ್ಷಕರ ಮೇಜಿನ ಮೇಲಿರುವುದು ಮೊದಲ ಹೆಜ್ಜೆ. ವಾರಕ್ಕೆರಡು ದಿನದ ಹದಿನೈದು ನಿಮಿಷ ಎರಡನೆಯ ಹೆಜ್ಜೆ. ಅದನ್ನು ಋತುವಿನುದ್ದಕ್ಕೂ ಬಿಡದೆ ನಡೆಸುವುದು ಮೂ‍ರನೆಯ, ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಆಗೊಮ್ಮೆ ಈಗೊಮ್ಮೆ ಮಾಡಿದವರಿಗೆ ಫಲ ಕಡಿಮೆಯೆಂದು ಹಲವು ಪ್ರಯೋಗಗಳು ತೋರಿಸಿವೆ.

ಉಪಸಂಹಾರ

ಈ ವ್ಯಾಯಾಮದಿಂದ ಎಲ್ಲ ಗಾಯಗಳೂ ನಿಲ್ಲುತ್ತವೆಂದು ಯಾರೂ ಹೇಳರು. ಸ್ವೀಡನ್ನಿನಲ್ಲಿ ವ್ಯಾಯಾಮ ಮಾಡಿದವರಲ್ಲಿಯೂ ಏಳು ಮಂದಿ ಗಾಯಗೊಂಡರು. ತಡೆಯಲಾಗದುದನ್ನು ಸಹಿಸಬೇಕು, ತಡೆಯಬಹುದಾದುದನ್ನು ತಡೆಯಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವುದು ವಿವೇಕವಲ್ಲವೆಂದು ಹಿರಿಯರು ಹೇಳಿದರು. ಆದರೆ ಬಾಗಿಲು ಕಾಯುವವನಿಗೆ ಸೂರೆಯಾಗದ ರಾತ್ರಿಗಳೆಲ್ಲ ವ್ಯರ್ಥವಾದಂತೆ ತೋರುತ್ತವೆ. ವಾಸ್ತವವಾಗಿ ಅವನು ಎಚ್ಚರವಾಗಿದ್ದುದರ ಫಲವೇ ಆ ರಾತ್ರಿಗಳು. ಮುಂಜಾನೆಯ ಬಯಲಿನಲ್ಲಿ ಮಕ್ಕಳಿಂದ ಬಸ್ಕಿ ಹೊಡೆಯಿಸುವ ವ್ಯಾಯಾಮ ಶಿಕ್ಷಕನ ಕೆಲಸವೂ ಅಂತಹುದು. ಅವನು ಉಳಿಸಿದ ಮೊಣಕಾಲುಗಳ ಪಟ್ಟಿ ಯಾವ ವರದಿಯಲ್ಲಿಯೂ ಅಚ್ಚಾಗದು. ಇಪ್ಪತ್ತು ವರ್ಷಗಳ ಅನಂತರ ಆ ಮಕ್ಕಳು ತಮ್ಮ ಮಕ್ಕಳ ಕೈಹಿಡಿದು ಅದೇ ಶಾಲೆಯ ಮೆಟ್ಟಿಲುಗಳನ್ನು ನೋವಿಲ್ಲದೆ ಹತ್ತಿ ಬಂದರೆ, ಅವನ ಲೆಕ್ಕ ಸರಿಹೋದಂತೆ.